ತೆಳ್ಳಗಿನ ಪುಟ್ಟ ಮಗುವಿಗೆ ಬಟ್ಟೆ ನ್ಯಾಪಿ: ಸೋರಿಕೆಯನ್ನು ಹಂತ ಹಂತವಾಗಿ ನಿಲ್ಲಿಸುವ ಬಗೆ

ಬಟ್ಟೆ ನ್ಯಾಪಿ ಸೋರಿತೆಂದರೆ ಬಹುಪಾಲು ಜನರು ಮಾಡುವ ಮೊದಲ ಕೆಲಸ ಒಳಗೆ ಇನ್ನೊಂದು ಪ್ಯಾಡ್ ತುರುಕುವುದು. ತೊಡೆಗಳು ದುಂಡಗಿರುವ ಮಗುವಿಗೆ ಇದರಿಂದ ಎಷ್ಟೋ ಸಲ ಅನುಕೂಲವಾಗುತ್ತದೆ. ತೆಳ್ಳಗಿನ ಮಗುವಿನಲ್ಲಿ ಮಾತ್ರ ಇದೇ ಉಪಾಯ ಸೋರಿಕೆಯನ್ನು ಹೆಚ್ಚಿಸುತ್ತದೆ. ಎರಡು ಕಾಲುಗಳ ನಡುವೆ ದಪ್ಪನೆಯ ಗಂಟು ಕೂತಷ್ಟೂ ನ್ಯಾಪಿಯ ಅಂಚಿನಲ್ಲಿರುವ ಎಲಾಸ್ಟಿಕ್ ಚರ್ಮದಿಂದ ದೂರ ಸರಿಯುತ್ತದೆ. ಆ ಸಂದನ್ನು ಮುಚ್ಚಲು ಸಣ್ಣ ತೊಡೆಯಲ್ಲಿ ಮಾಂಸವಿರುವುದಿಲ್ಲ. ಹೀಗಾಗಿ ಬಟ್ಟೆ ಹೀರಿಕೊಳ್ಳುವುದಕ್ಕೆ ಮೊದಲೇ ಮೂತ್ರ ಆ ದಾರಿಯಲ್ಲಿ ಹೊರಗೆ ಹರಿದುಹೋಗುತ್ತದೆ. ಆದ್ದರಿಂದ ತೆಳ್ಳಗಿನ ಮಗುವಿನ ವಿಷಯದಲ್ಲಿ ಕ್ರಮ ತಲೆಕೆಳಗಾಗಬೇಕು: ಮೊದಲು ನ್ಯಾಪಿ ಮೈಗೆ ಕೂರುವ ರೀತಿಯನ್ನು ಸರಿಪಡಿಸಬೇಕು, ಆಮೇಲೆ ಹೀರಿಕೆಯ ಕಡೆಗೆ ನೋಡಬೇಕು, ಆ ಹೀರಿಕೆಯನ್ನೂ ದಪ್ಪ ಹೆಚ್ಚಿಸದೆ ಪಡೆಯಬೇಕು. ಈ ಬರಹ ಅದೇ ಕ್ರಮದಲ್ಲಿ ಸಾಗುತ್ತದೆ.

ಮುಂದೆ ಬಳಸುವ ಕೆಲವು ಮಾತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕವರ್ ಎಂದರೆ ನೀರು ಹೊರಬಾರದಂತೆ ತಡೆಯುವ ಹೊರಚೀಲ. ಸಾಮಾನ್ಯವಾಗಿ ಇದು ಪಾಲಿಯೆಸ್ಟರ್ ಬಟ್ಟೆಗೆ ಪಾಲಿಯುರೆಥೇನಿನ ತೆಳು ಪೊರೆ ಅಂಟಿಸಿ ಮಾಡಿದ್ದು, ಇದನ್ನು ಪಿಯುಎಲ್ ಎನ್ನುತ್ತಾರೆ. ಇನ್ಸರ್ಟ್ ಎಂದರೆ ಮೂತ್ರವನ್ನು ಹೀರಿ ಹಿಡಿದಿಡುವ ಒಳಪದರ. ಪಾಕೆಟ್ ನ್ಯಾಪಿಯಲ್ಲಿ ಇನ್ಸರ್ಟನ್ನು ಒಂದು ಜೇಬಿನೊಳಗೆ ತೂರಿಸುತ್ತೇವೆ. ಫಿಟೆಡ್ ನ್ಯಾಪಿ ಪೂರ್ತಿಯಾಗಿ ಹೀರುವ ಬಟ್ಟೆಯಿಂದಲೇ ಹೊಲಿದದ್ದು, ಅದರ ಮೇಲೆ ಕವರ್ ಬೇಕು. ಚೌಕ ಬಟ್ಟೆ ಎಂದರೆ ಮಡಚಿ ಕಟ್ಟುವ ಒಂದೇ ಪದರದ ಬಟ್ಟೆ, ಅಜ್ಜಿಯರ ಕಾಲದಿಂದ ಬಂದ ಲಂಗೋಟಿಯ ಹತ್ತಿರದ ನೆಂಟ.

ಸೋರಿದ ನ್ಯಾಪಿಯನ್ನು ಓದುವುದು

ಸೋರಿಕೆ ಕಂಡ ಕೂಡಲೇ ನ್ಯಾಪಿಯನ್ನು ಬಕೆಟ್ಟಿಗೆ ಎಸೆಯಬೇಡಿ. ಅದನ್ನು ಬಿಚ್ಚಿ ಹಾಸಿ, ಒಳಪದರವನ್ನು ಮುಂದಿನಿಂದ ಹಿಂದಿನವರೆಗೂ ಬೆರಳಿನಿಂದ ಒತ್ತಿ ನೋಡಿ. ಮುಂದೆ ಏನು ಮಾಡಬೇಕೆಂಬುದನ್ನು ಈ ಅರ್ಧ ನಿಮಿಷದ ಪರೀಕ್ಷೆಯೇ ಹೇಳುತ್ತದೆ.

ಮಗುವಿನ ಅಂಗಿ ಒದ್ದೆಯಾಗಿದ್ದು, ಇನ್ಸರ್ಟಿನ ದೊಡ್ಡ ಭಾಗ ಒಣಗಿದ್ದರೆ ಮೂತ್ರ ಒಳಪದರವನ್ನು ತಲುಪುವ ಮೊದಲೇ ದಾರಿ ತಪ್ಪಿದೆ ಎಂದರ್ಥ. ತೆಳ್ಳಗಿನ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದಕ್ಕೆ ಕಾರಣ ತೊಡೆಯ ಬಳಿ ಉಳಿದ ಸಂದು, ಅಥವಾ ಬಟ್ಟೆಯೇ ನೀರನ್ನು ಒಪ್ಪಿಕೊಳ್ಳದಿರುವುದು. ಇನ್ಸರ್ಟ್ ಈ ತುದಿಯಿಂದ ಆ ತುದಿಯವರೆಗೂ ತೊಯ್ದು ಭಾರವಾಗಿದ್ದರೆ ಅದರ ಹಿಡಿತದ ಮಿತಿ ಮುಗಿದಿದೆ. ನ್ಯಾಪಿ ಸರಿಯಾಗಿಯೇ ಕೂತಿತ್ತು, ಬದಲಿಸುವುದು ತಡವಾಯಿತು ಅಥವಾ ಹೀರಿಕೆ ಸಾಲದಾಯಿತು. ಮುಂಭಾಗ ಮಾತ್ರ ತೊಪ್ಪೆಯಾಗಿ ಹಿಂಭಾಗ ಒಣಗಿದ್ದರೆ ಒಳಪದರದ ಮಡಿಕೆಯನ್ನು ಸ್ಥಳಾಂತರಿಸಿದರೆ ಸಾಕಾಗಬಹುದು. ಸೋರಿಕೆ ಸೊಂಟದ ಅಥವಾ ತೊಡೆಯ ಅಂಚಿನುದ್ದಕ್ಕೂ ತೆಳುವಾದ ಒದ್ದೆ ಪಟ್ಟಿಯಂತೆ ಕಂಡರೆ, ಒಳಬಟ್ಟೆಯ ಒಂದು ಎಳೆ ಹೊರಗೆ ಇಣುಕಿ ಅಂಗಿಗೆ ತೇವವನ್ನು ದಾಟಿಸಿದೆ.

ಹೊತ್ತನ್ನೂ ಗಮನಿಸಿ. ತೊಡಿಸಿದ ಹತ್ತು ಇಪ್ಪತ್ತು ನಿಮಿಷದಲ್ಲಿಯೇ ಸೋರಿದರೆ ಹೀರಿಕೆ ಸಾಲದು ಎಂದು ಭಾವಿಸುವುದಕ್ಕೆ ಆಧಾರವಿಲ್ಲ. ಅದು ಸಂದಿನ ಕೆಲಸ. ಎರಡೂವರೆ ಗಂಟೆಯ ಮೇಲೆ ಸೋರಿದರೆ ಹೀರಿಕೆಯ ಮಿತಿಯ ಬಗ್ಗೆ ಯೋಚಿಸಬಹುದು. ಎರಡು ಮೂರು ದಿನ ಒಂದು ಚೀಟಿಯಲ್ಲಿ ಸಮಯ, ಒದ್ದೆಯಾದ ಜಾಗ, ಒಳಪದರದ ಸ್ಥಿತಿ ಈ ಮೂರನ್ನು ಬರೆದಿಟ್ಟರೆ ಅದರಲ್ಲಿ ಒಂದು ವಿನ್ಯಾಸ ಎದ್ದುಕಾಣುತ್ತದೆ. ನಿದ್ದೆಗೆಟ್ಟ ದಿನಗಳಲ್ಲಿ ನೆನಪನ್ನು ನಂಬಬೇಡಿ, ಚೀಟಿಯನ್ನು ನಂಬಿ.

ಇಲ್ಲಿಯೇ ಹೇಳಬೇಕಾದ ಇನ್ನೊಂದು ಮಾತಿದೆ. ಹುಟ್ಟಿದ ಐದನೆಯ ದಿನದ ನಂತರ ಚೆನ್ನಾಗಿ ಹಾಲು ಕುಡಿಯುವ ಶಿಶು 24 ಗಂಟೆಯಲ್ಲಿ ಕನಿಷ್ಠ 6 ಸಲವಾದರೂ ಚೆನ್ನಾಗಿ ನ್ಯಾಪಿ ತೋಯಿಸಬೇಕು. ಸೋರಿಕೆ ಇದ್ದಕ್ಕಿದ್ದಂತೆ ನಿಂತು, ನ್ಯಾಪಿಗಳೂ ಒಣಗಿಯೇ ಉಳಿಯುತ್ತಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಮಗುವಿನ ತೂಕ ಏರುತ್ತಿಲ್ಲವೆಂಬ ಅನುಮಾನ ಬಂದರೆ ಅದು ನ್ಯಾಪಿಯ ಪ್ರಶ್ನೆಯಲ್ಲ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಗು ತೆಳ್ಳಗಿರುವುದು ಮಾತ್ರವೇ ಕಾಯಿಲೆಯ ಗುರುತಲ್ಲ. ಚೆನ್ನಾಗಿ ಕುಡಿದು, ತೋಯಿಸಿ, ತನ್ನದೇ ವೇಗದಲ್ಲಿ ಬೆಳೆಯುವ ತೆಳ್ಳಗಿನ ಮಕ್ಕಳು ಎಷ್ಟೋ ಇದ್ದಾರೆ.

ಅಳತೆ: ಪೊಟ್ಟಣದ ಮೇಲಿನ ತೂಕವನ್ನು ಪೂರ್ತಿ ನಂಬಬೇಡಿ

ಹುಟ್ಟಿನಿಂದ ನಡೆದಾಡುವ ವಯಸ್ಸಿನವರೆಗೂ ಒಂದೇ ಅಳತೆ ಸಾಕೆಂದು ಹೇಳುವ ನ್ಯಾಪಿಗಳು ಸುಮಾರು 3.5 ಅಥವಾ 4 ಕಿಲೋದಿಂದ 15–16 ಕಿಲೋವರೆಗಿನ ಮಕ್ಕಳಿಗೆಂದು ಗುರುತು ಹೊತ್ತಿರುತ್ತವೆ. ಆದರೆ ತೂಕವೆಂಬುದು ತೊಡೆಯ ಸುತ್ತಳತೆಯನ್ನು ಹೇಳುವುದಿಲ್ಲ. 5 ಕಿಲೋ ತೂಗುವ ಒಂದು ಮಗು ಉದ್ದವಾಗಿದ್ದು ತೊಡೆಗಳು ಸಣ್ಣಗಿರಬಹುದು, ಅಷ್ಟೇ ತೂಕದ ಇನ್ನೊಂದು ಮಗು ಗಿಡ್ಡವಾಗಿದ್ದು ತೊಡೆಯಲ್ಲಿ ಮೂರು ಮಡಿಕೆ ಇರಬಹುದು. ಎರಡನೆಯದಕ್ಕೆ ಮುಚ್ಚಿಕೊಳ್ಳುವ ನ್ಯಾಪಿ ಮೊದಲನೆಯದಕ್ಕೆ ಬಾಯಿ ತೆರೆದುಕೊಂಡಿರುತ್ತದೆ.

ಒಂದು ಮೃದುವಾದ ಟೇಪಿನಿಂದ, ಅಥವಾ ದಾರ ಸುತ್ತಿ ಆಮೇಲೆ ಸ್ಕೇಲಿಗೆ ಹಿಡಿದು, ತೊಡೆಸಂದಿಗೆ ಹತ್ತಿರವಾಗಿ ತೊಡೆಯ ಸುತ್ತಳತೆಯನ್ನು ತೆಗೆದುಕೊಳ್ಳಿ. ನಂತರ ನ್ಯಾಪಿಯ ತೊಡೆಯ ಅಂಚನ್ನು, ಅತ್ಯಂತ ಚಿಕ್ಕ ಅಳತೆಗೆ ಟಿಚ್ ಬಟನ್ ಹಾಕಿ, ಎಲಾಸ್ಟಿಕ್ ಎಳೆಯದೆ, ಒಳಗಿನಿಂದ ಅಳೆಯಿರಿ. ಎಳೆಯದ ಎಲಾಸ್ಟಿಕ್ಕಿನ ಸುತ್ತಳತೆ ತೊಡೆಗಿಂತ ಕಡಿಮೆಯಿದ್ದರೆ ಮಾತ್ರ ಅದು ಚರ್ಮವನ್ನು ಮೃದುವಾಗಿ ಹಿಡಿಯಲು ಸಾಧ್ಯ. ಅದು ತೊಡೆಗಿಂತ ದೊಡ್ಡದಾಗಿದ್ದರೆ ಯಾವ ಕೌಶಲದಿಂದ ತೊಡಿಸಿದರೂ ಸಂದು ಉಳಿಯುತ್ತದೆ. ಅಂತಹ ನ್ಯಾಪಿಗಳನ್ನು ಕೆಲವು ವಾರ ಎತ್ತಿಟ್ಟು, ಸುಮಾರು 2ರಿಂದ 5 ಕಿಲೋವರೆಗಿನ ನವಜಾತ ಅಳತೆಯ ಕವರ್‌ಗಳನ್ನು ಬಳಸುವುದೇ ಸರಿ. ಕವರ್‌ಗಳಷ್ಟೇ ಚಿಕ್ಕವಾದರೆ ಸಾಕು. ಒಳಗೆ ಚೌಕ ಬಟ್ಟೆಗಳನ್ನೇ ಸಣ್ಣದಾಗಿ ಮಡಚಿ ಇಡಬಹುದು. ಕವರ್ ಒದ್ದೆಯಾಗದಿದ್ದರೆ ಒರೆಸಿ, ಗಾಳಿಗೆ ಹಾಕಿ, ಮತ್ತೆ ಬಳಸಬಹುದಾದ್ದರಿಂದ ಅಂತಹ ಐದಾರು ಇದ್ದರೆ ದಿನ ಸಾಗುತ್ತದೆ.

ಹೊಸದಾಗಿ ಕೊಳ್ಳುವುದಿದ್ದರೆ ಮೂರು ಗುಣಗಳನ್ನು ಹುಡುಕಿ. ತೊಡೆಯ ಬಳಿ ಒಂದರ ಹಿಂದೆ ಒಂದರಂತೆ ಎರಡು ಸಾಲು ಎಲಾಸ್ಟಿಕ್ ಇರುವ ಕವರ್ ಸಣ್ಣ ತೊಡೆಗೆ ಬಹಳ ಉಪಕಾರಿ, ಏಕೆಂದರೆ ಒಳಸಾಲು ತೊಡೆಸಂದಿನಲ್ಲಿ ಕೂತು ಮೊದಲ ತಡೆಯಾಗುತ್ತದೆ, ಅದು ತಪ್ಪಿಸಿಕೊಂಡದ್ದನ್ನು ಹೊರಸಾಲು ಹಿಡಿಯುತ್ತದೆ. ಸೊಂಟದ ಒಂದು ರೆಕ್ಕೆ ಇನ್ನೊಂದರ ಮೇಲೆ ಬರುವಂತೆ ಟಿಚ್ ಬಟನ್ ಇರುವುದು ಎರಡನೆಯದು. ಸಣ್ಣ ಸೊಂಟಕ್ಕೆ ಇದಿಲ್ಲದೆ ನ್ಯಾಪಿ ಬಿಗಿಯಾಗುವುದಿಲ್ಲ. ಮೂರನೆಯದು ಮುಚ್ಚುವ ಬಗೆ. ಟಿಚ್ ಬಟನ್ ಹೆಚ್ಚು ಕಾಲ ಬಾಳುತ್ತದೆ, ನಿಜ. ಆದರೆ ಎರಡು ಬಟನ್‌ಗಳ ನಡುವಿನ ಅಂತರವೇ ತೆಳ್ಳಗಿನ ಮಗುವಿಗೆ ಅತಿ ಬಿಗಿ ಮತ್ತು ಅತಿ ಸಡಿಲದ ನಡುವಿನ ವ್ಯತ್ಯಾಸವಾಗಿಬಿಡುತ್ತದೆ. ಮೊದಲ ಕೆಲವು ತಿಂಗಳಿಗೆ ವೆಲ್ಕ್ರೋವನ್ನೇ ನಾನು ಮೆಚ್ಚುತ್ತೇನೆ, ಏಕೆಂದರೆ ಅದನ್ನು ಬೇಕಾದ ಕೋನದಲ್ಲಿ, ಬೇಕಾದಷ್ಟೇ ಎಳೆದು ಅಂಟಿಸಬಹುದು.

ತೊಡಿಸುವ ಕ್ರಮ

ಈ ಭಾಗವನ್ನು ನಿಧಾನವಾಗಿ ಓದಿ, ಸಾಧ್ಯವಾದರೆ ನ್ಯಾಪಿಯನ್ನು ಕೈಯಲ್ಲಿ ಹಿಡಿದೇ ಓದಿ. ನನ್ನ ಅನುಭವದಲ್ಲಿ ತೆಳ್ಳಗಿನ ಮಗುವಿನ ಸೋರಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯೇ ಮುಗಿಯುತ್ತವೆ. ಹೊಸದಾಗಿ ಏನನ್ನೂ ಕೊಳ್ಳುವ ಅಗತ್ಯ ಬರುವುದಿಲ್ಲ.

1. ಮಗುವನ್ನು ಮಲಗಿಸುವ ಮೊದಲು ನ್ಯಾಪಿಯ ಎತ್ತರವನ್ನು ಹೊಂದಿಸಿ. ಮುಂಭಾಗದಲ್ಲಿ ಮೇಲಿಂದ ಕೆಳಗೆ ಸಾಲಾಗಿರುವ ಟಿಚ್ ಬಟನ್‌ಗಳು ಇರುವುದು ಇದಕ್ಕಾಗಿಯೇ. ತೆಳ್ಳಗಿನ ಮಗು ಉದ್ದವಾಗಿ ಕಂಡರೂ ಮೊದಲು ಅತ್ಯಂತ ಗಿಡ್ಡ ಅಳತೆಯಿಂದಲೇ ಆರಂಭಿಸಿ. ಎತ್ತರವನ್ನು ಕಡಿಮೆ ಮಾಡಿದಾಗ ತೊಡೆಯ ಅಂಚಿನ ಉದ್ದವೂ ಕಡಿಮೆಯಾಗುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ.

2. ಎತ್ತರ ಕಡಿಮೆ ಮಾಡಿದ ಮೇಲೆ ಉದ್ದದ ಇನ್ಸರ್ಟ್ ಒಳಗೆ ಮುದುಡುತ್ತದೆ. ಮುದುಡಿದ ಗಂಟು ಕಾಲುಗಳ ನಡುವೆ ಉಳಿಯಲು ಬಿಡಬೇಡಿ. ಹೆಚ್ಚುವರಿ ಉದ್ದವನ್ನು ಮುಂಭಾಗಕ್ಕೆ, ಹೊಟ್ಟೆಯ ಕೆಳಗೆ ಬರುವಂತೆ ಮಡಚಿ, ಮಡಿಕೆಯನ್ನು ಕೈಯಿಂದ ಒತ್ತಿ ಚಪ್ಪಟೆ ಮಾಡಿ. ಕಾಲುಗಳ ನಡುವಿನ ಜಾಗವೇ ಇಡೀ ನ್ಯಾಪಿಯಲ್ಲಿ ಅತ್ಯಂತ ತೆಳುವಾಗಿರಬೇಕು.

3. ಮಗುವಿನ ಕೆಳಗೆ ನ್ಯಾಪಿಯನ್ನು ಜಾರಿಸುವಾಗ ಹಿಂಭಾಗದ ಸೊಂಟಪಟ್ಟಿ ಹೊಕ್ಕುಳಿನ ನೇರಕ್ಕೆ ಬರಲಿ. ತುಂಬ ಕೆಳಗಿದ್ದರೆ ಮುಂಭಾಗ ಮೇಲಕ್ಕೆ ಜಗ್ಗಿ ತೊಡೆಯ ಅಂಚು ತೆರೆದುಕೊಳ್ಳುತ್ತದೆ.

4. ಮಗುವಿನ ಕಾಲುಗಳು ಕಪ್ಪೆಯಂತೆ ಮಡಚಿ ಅಗಲಿಕೊಂಡಿರುವಾಗಲೇ ನ್ಯಾಪಿಯ ಮುಂಭಾಗವನ್ನು ಮೇಲಕ್ಕೆ ತನ್ನಿ. ತರುವಾಗ ಮಧ್ಯಭಾಗವನ್ನು ಎರಡೂ ಬದಿಯಿಂದ ಒತ್ತಿ ದೋಣಿಯಂತೆ ಕಿರಿದಾಗಿಸಿ. ಅಗಲವಾದ ಪಟ್ಟಿ ತೊಡೆಯ ಮೇಲೆ ಹರಡಿಕೊಂಡರೆ ಎಲಾಸ್ಟಿಕ್ ತೊಡೆಯ ನಡುಭಾಗಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಅದು ಎಂದಿಗೂ ಮುಚ್ಚಿಕೊಳ್ಳುವುದಿಲ್ಲ. ದೊಡ್ಡವರ ಒಳಚಡ್ಡಿಯ ಅಂಚು ಕೂರುವ ಗೆರೆಯೇ, ಅಂದರೆ ತೊಡೆ ಮತ್ತು ಹೊಟ್ಟೆ ಸೇರುವ ಸಂದಿನ ಮಡಿಕೆಯೇ, ಎಲಾಸ್ಟಿಕ್ಕಿನ ಜಾಗ.

5. ಸೊಂಟವನ್ನು ಮುಚ್ಚುವಾಗ ಕೆಳಸಾಲಿನ ಟಿಚ್ ಬಟನನ್ನು ಮೊದಲು ಹಾಕಿ. ಎರಡು ಸಾಲು ಬಟನ್‌ಗಳಿದ್ದರೆ ಮೇಲಿನ ಸಾಲಿಗಿಂತ ಕೆಳಸಾಲನ್ನು ಒಂದು ಬಟನಿನಷ್ಟು ಹೆಚ್ಚು ಒಳಗೆ ಹಾಕಬಹುದು. ಹಾಲು ಕುಡಿದ ಹೊಟ್ಟೆ ಉಬ್ಬಿಕೊಂಡಿದ್ದು ತೊಡೆ ಮಾತ್ರ ಸಣ್ಣಗಿರುವ ಮಗುವಿಗೆ ಇದು ಬಹಳ ಹೊಂದುತ್ತದೆ: ಹೊಟ್ಟೆಗೆ ಜಾಗ ಉಳಿಯುತ್ತದೆ, ತೊಡೆಯ ಬಳಿ ಬಿಗಿಯಾಗುತ್ತದೆ. ವೆಲ್ಕ್ರೋ ಆದರೆ ರೆಕ್ಕೆಗಳನ್ನು ನೇರವಾಗಿ ಎಳೆಯದೆ ಸ್ವಲ್ಪ ಕೆಳಮುಖವಾಗಿ ಎಳೆದು ಅಂಟಿಸಿ.

6. ಈಗ ತೋರುಬೆರಳನ್ನು ತೊಡೆಯ ಎಲಾಸ್ಟಿಕ್ಕಿನ ಒಳಗೆ ತೂರಿಸಿ, ಮುಂದಿನಿಂದ ಹಿಂದಿನವರೆಗೂ ಒಂದು ಸುತ್ತು ಓಡಿಸಿ. ಎಲಾಸ್ಟಿಕ್ ಒಳಕ್ಕೆ ಮಗುಚಿದ್ದರೆ ಬಿಡಿಸಿ, ತೊಡೆಸಂದಿನ ಮಡಿಕೆಯೊಳಗೆ ಕೂರಿಸಿ. ಪೃಷ್ಠದ ನಡುವೆ ಸಿಕ್ಕಿಕೊಂಡ ಬಟ್ಟೆಯನ್ನು ಹೊರಗೆಳೆದು ಎರಡೂ ಪೃಷ್ಠಗಳು ನ್ಯಾಪಿಯೊಳಗೆ ಪೂರ್ತಿ ಕೂತಿವೆಯೇ ಎಂದು ನೋಡಿ. ಇನ್ಸರ್ಟಿನ ಅಥವಾ ಒಳಬಟ್ಟೆಯ ಯಾವ ಅಂಚೂ ಹೊರಗೆ ಕಾಣಬಾರದು; ಸೊಂಟದ ಮುಂಭಾಗದಲ್ಲಿ ಒಳಬಟ್ಟೆ ಹೊರಕ್ಕೆ ಮಗುಚಿದ್ದರೆ ಅದನ್ನೂ ಒಳಗೆ ತಳ್ಳಿ.

7. ಕೊನೆಯ ಪರೀಕ್ಷೆಯನ್ನು ಎರಡು ಭಂಗಿಯಲ್ಲಿ ಮಾಡಿ. ಮಲಗಿದಾಗ ಮುಚ್ಚಿಕೊಂಡಂತೆ ಕಾಣುವ ನ್ಯಾಪಿ, ಎತ್ತಿಕೊಂಡು ಹಾಲು ಕುಡಿಸುವಾಗ ಬಾಯಿ ತೆರೆಯುವುದುಂಟು. ಆದ್ದರಿಂದ ಮಗುವಿನ ಒಂದೊಂದೇ ಮೊಣಕಾಲನ್ನು ಹೊಟ್ಟೆಯ ಕಡೆಗೆ ಮೆಲ್ಲಗೆ ಮಡಚಿ ಒಳತೊಡೆಯ ಬಳಿ ಸಂದು ಕಾಣುತ್ತದೆಯೇ ನೋಡಿ. ಕಣ್ಣಿಗೆ ತಿಳಿಯದಿದ್ದರೆ ಟಿಶ್ಯೂ ಕಾಗದದ ಸಣ್ಣ ಪಟ್ಟಿಯನ್ನು ಎಲಾಸ್ಟಿಕ್ಕಿನ ಕೆಳಗೆ ಇಟ್ಟು ಮೆಲ್ಲಗೆ ಎಳೆಯಿರಿ. ಯಾವ ತಡೆಯೂ ಇಲ್ಲದೆ ಜಾರಿ ಬಂದರೆ ಅಲ್ಲಿ ಸಂದಿದೆ.

ಬಿಗಿ ಎಷ್ಟಿರಬೇಕು? ಸೊಂಟದ ಬಳಿ ಎರಡು ಬೆರಳು ಸಲೀಸಾಗಿ, ತೊಡೆಯ ಬಳಿ ಒಂದು ಬೆರಳು ಹಿತವಾದ ತಡೆಯೊಂದಿಗೆ ಹೋಗಬೇಕು. ಬಿಚ್ಚಿದಾಗ ಕಾಲ್ಚೀಲದ ಗುರುತಿನಂತಹ ತೆಳು ಗೆರೆ ಕಂಡು ಸ್ವಲ್ಪ ಹೊತ್ತಿನಲ್ಲಿ ಮಾಸಿದರೆ ಚಿಂತೆಯಿಲ್ಲ. ಆಳವಾದ ಕೆಂಪು ಗೆರೆ, ಬಹಳ ಹೊತ್ತು ಉಳಿಯುವ ಕುಳಿ ಅಥವಾ ತರಚು ಕಂಡರೆ ಅದು ಅತಿಯಾಯಿತು. ಸೋರಿಕೆಯನ್ನು ನಿಲ್ಲಿಸುವ ಹಟದಲ್ಲಿ ಮಗುವಿನ ಹೊಟ್ಟೆಯನ್ನು ಬಿಗಿಯಬಾರದು. ಅಷ್ಟು ಬಿಗಿದ ಮೇಲೂ ತೊಡೆಯ ಬಳಿ ಸಂದು ಉಳಿದರೆ ತಪ್ಪು ನ್ಯಾಪಿಯ ಅಳತೆಯದ್ದು.

ಹೊಕ್ಕುಳಬಳ್ಳಿಯ ತುಂಡು ಇನ್ನೂ ಉದುರದ ಮೊದಲ ಒಂದೆರಡು ವಾರಗಳಲ್ಲಿ ನ್ಯಾಪಿಯ ಮುಂಭಾಗವನ್ನು ಅದರ ಕೆಳಗೆ ಮಡಚಿ ಕಟ್ಟಬೇಕು. ಮಡಚುವಾಗ ಕವರ್ ಮತ್ತು ಒಳಪದರ ಎರಡನ್ನೂ ಒಳಮುಖವಾಗಿ ಮಡಚಿದರೆ, ಮೈಗೆ ತಗಲುವ ಮೃದು ಬಟ್ಟೆ ಹೊರಗೆ ಬಂದು ಅಂಗಿಯನ್ನು ತೋಯಿಸುವುದಿಲ್ಲ.

ಗಂಡುಮಗುವಿಗೆ ತೊಡಿಸುವಾಗ ಶಿಶ್ನ ಕೆಳಮುಖವಾಗಿರುವಂತೆ ನೋಡಿಕೊಳ್ಳಿ. ಅದು ಮೇಲಕ್ಕೆ ಅಥವಾ ಪಕ್ಕಕ್ಕೆ ತಿರುಗಿದ್ದರೆ ಮೂತ್ರ ನೇರವಾಗಿ ಸೊಂಟಪಟ್ಟಿಗೋ ತೊಡೆಯ ಅಂಚಿಗೋ ಚಿಮ್ಮುತ್ತದೆ. ಎಷ್ಟು ಇನ್ಸರ್ಟ್ ಇದ್ದರೂ ಇದಕ್ಕೆ ಉಪಾಯವಿಲ್ಲ.

ಕಡಿಮೆ ದಪ್ಪದಲ್ಲಿ ಹೆಚ್ಚು ಹೀರಿಕೆ

ನ್ಯಾಪಿ ಚೆನ್ನಾಗಿ ಕೂತಿದೆ, ಆದರೂ ಇನ್ಸರ್ಟ್ ಪೂರ್ತಿ ತೊಯ್ದು ಸೋರುತ್ತಿದೆ ಎಂದಾದರೆ ಮಾತ್ರ ಈ ಭಾಗಕ್ಕೆ ಬನ್ನಿ. ಇಲ್ಲಿ ನಾರಿನ ಗುಣ ತಿಳಿದಿರುವುದು ಮುಖ್ಯ.

ಮೈಕ್ರೋಫೈಬರ್ ಮೂತ್ರವನ್ನು ಬಹಳ ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಆದರೆ ಅದು ದಪ್ಪ, ಮತ್ತು ಸ್ಪಂಜಿನಂತೆ ಒತ್ತಿದರೆ ನೀರು ಬಿಡುತ್ತದೆ. ಮಗುವನ್ನು ಜೋಳಿಗೆಯಂತಹ ಕ್ಯಾರಿಯರಿನಲ್ಲಿ ಕಟ್ಟಿಕೊಂಡಾಗ, ಕಾರಿನ ಸೀಟಿನಲ್ಲಿ ಪಟ್ಟಿ ಬಿಗಿದಾಗ, ತೊಡೆಯ ಮೇಲೆ ಕೂರಿಸಿಕೊಂಡಾಗ ಮಾತ್ರ ಸೋರುತ್ತಿದ್ದರೆ ಅನುಮಾನ ಮೊದಲು ಇದರ ಮೇಲೆ ಹೋಗಬೇಕು. ಮೈಕ್ರೋಫೈಬರನ್ನು ಚರ್ಮಕ್ಕೆ ನೇರವಾಗಿ ತಾಗಿಸಬಾರದು. ಅದು ಚರ್ಮದ ತೇವವನ್ನೂ ಎಳೆದುಕೊಂಡು ಒರಟಾಗಿಸುತ್ತದೆ. ಜೇಬಿನೊಳಗೆ ಅಥವಾ ಬೇರೆ ಬಟ್ಟೆಯ ಕೆಳಗೆ ಇರಲಿ.

ಹತ್ತಿ ಮಧ್ಯಮ ವೇಗದ್ದು, ನಂಬಿಕೆಗೆ ಯೋಗ್ಯವಾದದ್ದು, ಒಗೆಯುವುದು ಸುಲಭ. ಬಿದಿರಿನಿಂದ ತೆಗೆದ ವಿಸ್ಕೋಸ್ ಬಟ್ಟೆ ಹತ್ತಿಗಿಂತ ತೆಳುವಿನಲ್ಲಿ ಹೆಚ್ಚು ಹಿಡಿಯುತ್ತದೆ, ಒಣಗಲು ಮಾತ್ರ ಹೆಚ್ಚು ಸಮಯ ಬೇಡುತ್ತದೆ. ಹೆಂಪ್ ನಾರಿನ ಬಟ್ಟೆ ಇವೆಲ್ಲಕ್ಕಿಂತ ತೆಳುವಾಗಿ ಬಹಳ ಹಿಡಿಯುತ್ತದೆ, ಒತ್ತಿದರೂ ಸುಲಭವಾಗಿ ಬಿಡುವುದಿಲ್ಲ, ಆದರೆ ಹೀರುವುದು ನಿಧಾನ. ತೆಳ್ಳಗಿನ ಮಗುವಿಗೆ ನಾನು ಹೇಳುವ ಜೋಡಣೆ ಇದು: ಮೈಯ ಕಡೆಗೆ ಬೇಗ ಹೀರುವ ಹತ್ತಿ ಅಥವಾ ಬಿದಿರಿನ ಒಂದು ತೆಳು ಪದರ, ಅದರ ಕೆಳಗೆ ಹೆಂಪಿನ ಒಂದು ಕಿರಿದಾದ ಇನ್ಸರ್ಟ್. ಮೇಲಿನದು ಹಿಡಿಯುತ್ತದೆ, ಕೆಳಗಿನದು ಕಾಪಾಡುತ್ತದೆ. ಹೆಂಪನ್ನು ಮೇಲಿಟ್ಟರೆ ಮೂತ್ರ ಅದರ ಮೇಲೆಯೇ ಹರಿದು ಪಕ್ಕಕ್ಕೆ ಹೋಗುತ್ತದೆ. ಕೆಳಗೆ ಮೇಲೆ ಎಂಬ ಇಷ್ಟು ಸಣ್ಣ ಬದಲಾವಣೆಯಿಂದಲೇ ಸೋರಿಕೆ ನಿಂತದ್ದನ್ನು ನೋಡಿದ್ದೇನೆ.

ಇನ್ಸರ್ಟಿನ ಅಗಲವೂ ಮುಖ್ಯ. ಅಂಗಡಿಯ ಇನ್ಸರ್ಟ್‌ಗಳು ತೆಳ್ಳಗಿನ ಮಗುವಿನ ಕಾಲುಗಳ ನಡುವಿನ ಜಾಗಕ್ಕಿಂತ ಅಗಲವಾಗಿದ್ದು, ಎಲಾಸ್ಟಿಕ್ಕಿನ ಮೇಲೆಯೇ ಹತ್ತಿ ಕೂರುತ್ತವೆ. ಎರಡು ಎಲಾಸ್ಟಿಕ್‌ಗಳ ನಡುವೆ, ಅವುಗಳನ್ನು ಮುಟ್ಟದಂತೆ ಒಳಪದರ ಕೂರಬೇಕು. ಅಗಲವಾದ ಇನ್ಸರ್ಟಿಗಿಂತ, ಬೇಕಾದ ಅಗಲಕ್ಕೆ ನಾವೇ ಮಡಚಿಕೊಳ್ಳುವ ಚೌಕ ಬಟ್ಟೆ ಇಲ್ಲಿ ಗೆಲ್ಲುತ್ತದೆ.

ಒಂದು ಇನ್ಸರ್ಟ್ ನಿಜವಾಗಿ ಎಷ್ಟು ಹಿಡಿಯುತ್ತದೆ ಎಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ನ್ಯಾಪಿಯನ್ನು ತೂಗಿ ಬರೆದಿಡಿ, ಬಳಸಿ ಬಿಚ್ಚಿದ ಮೇಲೆ ಮತ್ತೆ ತೂಗಿ. ಒಂದು ಗ್ರಾಂ ಎಂದರೆ ಸುಮಾರು ಒಂದು ಮಿಲಿಲೀಟರ್ ಮೂತ್ರ. ಒಣಗಿದ್ದಾಗ 110 ಗ್ರಾಂ ಇದ್ದದ್ದು ಸೋರಿದಾಗ 140 ಗ್ರಾಂ ತೂಗಿದರೆ ಅದು ಹಿಡಿದದ್ದು 30 ಮಿಲಿಲೀಟರ್ ಮಾತ್ರ. ಅದೇ ಒಣ ಇನ್ಸರ್ಟಿಗೆ ಅಳತೆಯ ಲೋಟದಿಂದ ಸ್ವಲ್ಪ ಸ್ವಲ್ಪವೇ ನೀರು ಸುರಿದು ನೋಡಿ. ಅದು ನೂರು ಮಿಲಿಲೀಟರನ್ನು ನೆಮ್ಮದಿಯಾಗಿ ಹಿಡಿದರೆ, ಸೋರಿಕೆಯ ಕಾರಣ ಹೀರಿಕೆಯ ಕೊರತೆಯಲ್ಲ ಎಂಬುದು ಸಾಬೀತಾಯಿತು. ಮತ್ತೆ ತೊಡಿಸುವ ಕ್ರಮದ ಕಡೆಗೆ ಹೋಗಬೇಕು. ಈ ಲೆಕ್ಕ ಅನಗತ್ಯವಾದ ಕೊಳ್ಳುವಿಕೆಯನ್ನು ತಪ್ಪಿಸುತ್ತದೆ.

ಹೀರಿಕೆಯನ್ನು ಬೇಕಾದ ಜಾಗಕ್ಕೆ ತರುವುದು ಹೀರಿಕೆಯನ್ನು ಹೆಚ್ಚಿಸಿದಷ್ಟೇ ಫಲ ಕೊಡುತ್ತದೆ. ಗಂಡುಮಕ್ಕಳಿಗೆ ಮುಂಭಾಗದಲ್ಲಿ, ಹೆಣ್ಣುಮಕ್ಕಳಿಗೆ ಮಧ್ಯದಿಂದ ಹಿಂದಕ್ಕೆ ಮಡಿಕೆ ಹೆಚ್ಚಿರಲಿ. ಆದರೂ ಕಾಲುಗಳ ನಡುವಿನ ಅತಿ ಕಿರಿದಾದ ಜಾಗವನ್ನು ಬಿಟ್ಟು.

ಚೌಕ ಬಟ್ಟೆ ಮತ್ತು ಅದರ ಮಡಿಕೆಗಳು

ತೀರ ಸಣ್ಣ ಮಗುವಿಗೆ, ಅದರಲ್ಲೂ ತಿಂಗಳು ತುಂಬುವ ಮೊದಲೇ ಹುಟ್ಟಿ ಮನೆಗೆ ಬಂದ ಮಗುವಿಗೆ, 60 ಸೆಂಟಿಮೀಟರ್ ಚದರದ ಹತ್ತಿಯ ಮಸ್ಲಿನ್ ಬಟ್ಟೆ ಮತ್ತು ಒಂದು ಚಿಕ್ಕ ಕವರ್ ಇವೆರಡರ ಜೋಡಿಗೆ ಸಾಟಿಯಿಲ್ಲ. ಒಂದೇ ಪದರವಾದ್ದರಿಂದ ಚೆನ್ನಾಗಿ ಒಗೆದುಹೋಗುತ್ತದೆ, ಬೇಗ ಒಣಗುತ್ತದೆ, ಮಗು ಬೆಳೆದಂತೆ ಮಡಿಕೆ ಬದಲಾಗುತ್ತದೆ.

ಸರಳವಾದದ್ದು ಪಟ್ಟಿಯ ಮಡಿಕೆ: ಬಟ್ಟೆಯನ್ನು ನಾಲ್ಕಾಗಿ ಮಡಚಿ, ಆಮೇಲೆ ಮೂರು ಭಾಗವಾಗಿ ಉದ್ದಕ್ಕೆ ಮಡಚಿ ಕವರಿನೊಳಗೆ ಇಡುವುದು. ಮೂತ್ರಕ್ಕೆ ಇದು ಸಾಕು. ಆದರೆ ಸಣ್ಣ ತೊಡೆಗೆ ನಿಜವಾಗಿ ನೆರವಾಗುವುದು ಮೈಸುತ್ತ ಕಟ್ಟುವ ಮಡಿಕೆ. ಚೌಕವನ್ನು ಗಾಳಿಪಟದ ಆಕಾರಕ್ಕೆ ತನ್ನಿ: ಒಂದು ಮೂಲೆಯನ್ನು ಕೆಳಗಿಟ್ಟು ಹಾಸಿ, ಎಡ ಬಲದ ಅಂಚುಗಳನ್ನು ನಡುಗೆರೆಗೆ ಮಡಚಿ, ಮೇಲಿನ ಮೂಲೆಯನ್ನು ಕೆಳಕ್ಕೆ ಮಡಚಿ ಸೊಂಟಪಟ್ಟಿ ಮಾಡಿ, ಕೆಳಗಿನ ತುದಿಯನ್ನು ಮಗುವಿನ ಉದ್ದಕ್ಕೆ ತಕ್ಕಂತೆ ಮೇಲಕ್ಕೆ ಮಡಚಿ. ಮಗುವನ್ನು ಮಲಗಿಸಿ ಮುಂಭಾಗವನ್ನು ಮೇಲೆ ತರುವಾಗ, ತೊಡೆಯ ಬಳಿ ಬರುವ ಎರಡೂ ಅಂಚುಗಳನ್ನು ಒಳಮುಖವಾಗಿ ಬತ್ತಿ ಹೊಸೆದಂತೆ ಬಿಗಿಯಾಗಿ ಸುರುಳಿ ಸುತ್ತಿ. ಈ ಸುರುಳಿ ತೊಡೆಸಂದಿನಲ್ಲಿ ಕೂತು, ಎಲಾಸ್ಟಿಕ್ ತುಂಬಲಾಗದ ಸಂದನ್ನು ಹೀರುವ ಬಟ್ಟೆಯಿಂದಲೇ ತುಂಬುತ್ತದೆ. ತೆಳುಮಲವನ್ನೂ ಅಲ್ಲಿಯೇ ತಡೆಯುತ್ತದೆ. ಸೊಂಟದ ಬಳಿ ಮೂರು ಹಲ್ಲಿನ ರಬ್ಬರ್ ಕ್ಲಿಪ್ಪಿನಿಂದ ಬಿಗಿದು, ಮೇಲೆ ಕವರ್ ತೊಡಿಸಿ. ಸುರುಳಿಯ ಯಾವ ಭಾಗವೂ ಕವರಿನ ಹೊರಗೆ ಉಳಿಯಬಾರದು.

ಮೊದಲ ನಾಲ್ಕಾರು ಸಲ ಇದು ಅಡ್ಡಾದಿಡ್ಡಿಯಾಗುತ್ತದೆ, ಮಗು ಒದೆಯುತ್ತದೆ, ಸುರುಳಿ ಬಿಚ್ಚಿಕೊಳ್ಳುತ್ತದೆ. ಮಗು ಮಲಗಿದ್ದಾಗ ಬಟ್ಟೆಯನ್ನು ಮೊದಲೇ ಮಡಚಿ ಕವರಿನ ಮೇಲಿಟ್ಟು ಜೋಡಿಸಿಕೊಂಡರೆ ಬದಲಿಸುವ ಹೊತ್ತಿಗೆ ಕೈ ತಡವರಿಸುವುದಿಲ್ಲ.

ಹಾಲನ್ನಷ್ಟೇ ಕುಡಿಯುವ ಶಿಶುವಿನ ಮಲ ನೀರಾಗಿರುತ್ತದೆ, ರಭಸವಾಗಿಯೂ ಬರುತ್ತದೆ. ಬೆನ್ನಿನ ಕಡೆಯಿಂದ ಮೇಲೇರಿ ಅಂಗಿಗೆ ತಾಗುತ್ತಿದ್ದರೆ ಹಿಂಭಾಗದ ಸೊಂಟದಲ್ಲಿ ಎಲಾಸ್ಟಿಕ್ ಇರುವ ಕವರನ್ನೇ ಆರಿಸಿ, ಒಳಗೆ ಮೇಲೆ ಹೇಳಿದ ಮಡಿಕೆಯನ್ನೋ ಫಿಟೆಡ್ ನ್ಯಾಪಿಯನ್ನೋ ಇಡಿ.

ಬಟ್ಟೆಯೇ ನೀರನ್ನು ಒಪ್ಪದಿದ್ದರೆ

ಒಣ ಇನ್ಸರ್ಟಿನ ಮೇಲೆ ಒಂದು ಚಮಚ ನೀರು ಹಾಕಿ. ಕೆಲವೇ ಕ್ಷಣಗಳಲ್ಲಿ ಇಂಗಬೇಕು. ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳಿದರೆ ನಾರಿನ ಮೇಲೆ ಜಿಡ್ಡಿನ ಪದರವಿದೆ.

ಹೊಸ ಬಟ್ಟೆಯಾಗಿದ್ದರೆ ಕಾರಣ ಸರಳ. ಬಿಳುಪುಗೊಳಿಸದ ಹತ್ತಿ ಮತ್ತು ಹೆಂಪಿನಲ್ಲಿ ಸಹಜವಾದ ಎಣ್ಣೆಯಂಶ ಇರುತ್ತದೆ. ಅದು ಹೋಗಿ ಪೂರ್ತಿ ಹೀರಿಕೆ ಬರಲು ಆರೆಂಟು ಸಲ ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ಒಗೆಯಬೇಕು. ಎಲಾಸ್ಟಿಕ್ ಮತ್ತು ಟಿಚ್ ಬಟನ್ ಇಲ್ಲದ ಹತ್ತಿಯ ಚೌಕ ಬಟ್ಟೆಯನ್ನಾದರೆ ಕುದಿಸಲೂಬಹುದು. ಎಣ್ಣೆ ಬಿಡುವ ಈ ಮೊದಲ ಒಗೆತವನ್ನು ಪಿಯುಎಲ್ ಕವರ್‌ಗಳ ಜೊತೆ ಸೇರಿಸಬೇಡಿ.

ಹಳೆಯ ಬಟ್ಟೆ ಹೀಗಾದರೆ ಫ್ಯಾಬ್ರಿಕ್ ಕಂಡೀಷನರನ್ನು ಮೊದಲು ಶಂಕಿಸಿ. ಅದು ನಾರಿಗೆ ಮೃದುವಾದ ಪೊರೆ ಹೊದಿಸುತ್ತದೆ, ಅದೇ ಪೊರೆ ನೀರನ್ನು ತಡೆಯುತ್ತದೆ. ನ್ಯಾಪಿಗೆ ಅದನ್ನು ಎಂದೂ ಹಾಕಬಾರದು. ಎರಡನೆಯದು ಸತುವಿನ ಆಕ್ಸೈಡ್ ಅಥವಾ ಪೆಟ್ರೋಲಿಯಂ ಜೆಲ್ಲಿ ಇರುವ ಮುಲಾಮು. ಚರ್ಮಕ್ಕೆ ಅದು ಬೇಕಾದಾಗ ಹಚ್ಚಲೇಬೇಕು, ಆದರೆ ನಡುವೆ ಒಂದು ಫ್ಲೀಸ್ ಪಟ್ಟಿಯನ್ನೋ ತೆಳು ಕಾಗದದ ಲೈನರನ್ನೋ ಹಾಸಿ. ಈಗಾಗಲೇ ಕಲೆಯಾಗಿದ್ದರೆ ಆ ಜಾಗಕ್ಕೆ ಪಾತ್ರೆ ತೊಳೆಯುವ ದ್ರವ ಹಚ್ಚಿ ಬಿಸಿನೀರಿನಲ್ಲಿ ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಮೂರನೆಯದು ಗಡಸು ನೀರು. ಅದರಲ್ಲಿನ ಖನಿಜಗಳು ಸೋಪಿನೊಂದಿಗೆ ಸೇರಿ ನಾರಿನಲ್ಲಿ ಉಳಿಯುತ್ತವೆ, ಬಟ್ಟೆ ರಟ್ಟಿನಂತೆ ಗಟ್ಟಿಯಾಗುತ್ತದೆ. ಒಗೆಯುವಾಗ ವಾಷಿಂಗ್ ಸೋಡಾ ಸೇರಿಸಿದರೆ ನೀರು ಮೆದುವಾಗುತ್ತದೆ.

ದಿನನಿತ್ಯದ ಒಗೆತಕ್ಕೆ ಹೆಚ್ಚು ಹೇಳಬೇಕಾದದ್ದಿಲ್ಲ: ಮೊದಲು ತಣ್ಣೀರಿನಲ್ಲಿ ಜಾಲಿಸಿ, ನಂತರ ಸಾಕಷ್ಟು ಡಿಟರ್ಜೆಂಟ್ ಹಾಕಿ 60 ಡಿಗ್ರಿ ಸೆಲ್ಸಿಯಸ್ಸಿನವರೆಗಿನ ಬಿಸಿನೀರಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ. ಕವರಿನ ಚೀಟಿಯಲ್ಲಿ ಅದಕ್ಕಿಂತ ಕಡಿಮೆ ಹೇಳಿದ್ದರೆ ಅದನ್ನೇ ಪಾಲಿಸಿ. ಡಿಟರ್ಜೆಂಟ್ ತೀರ ಕಡಿಮೆ ಹಾಕುವುದೂ ತಪ್ಪೇ. ಮೂತ್ರದಂಶ ಉಳಿದು ವಾಸನೆ ಬರುತ್ತದೆ.

ಮೇಲುಡುಪು ಮತ್ತು ಹಳೆಯ ಕವರ್

ಕಾಲುಗಳ ನಡುವೆ ಬಟನ್ ಹಾಕುವ ಬಿಗಿಯಾದ ಹತ್ತಿಯ ಅಂಗಿ ನ್ಯಾಪಿಯನ್ನು ಕೆಳಗಿನಿಂದ ಒತ್ತಿ, ಇನ್ಸರ್ಟನ್ನು ಹಿಂಡಿ, ಅಂಚಿನ ತೇವವನ್ನು ಎಳೆದುಕೊಳ್ಳುತ್ತದೆ. ಬಟ್ಟೆ ನ್ಯಾಪಿಯ ಮೇಲೆ ಒಂದು ಅಳತೆ ದೊಡ್ಡ ಅಂಗಿ ತೊಡಿಸಿ ನೋಡಿ. ಎಷ್ಟೋ ಸಲ ನ್ಯಾಪಿಯ ತಪ್ಪೆಂದು ಭಾವಿಸಿದ್ದು ಅಂಗಿಯ ತಪ್ಪಾಗಿರುತ್ತದೆ.

ಬಳಸಿದ ಕವರ್‌ಗಳನ್ನು ಬೇರೆಯವರಿಂದ ಪಡೆದಿದ್ದರೆ ತೊಡೆಯ ಎಲಾಸ್ಟಿಕ್ಕನ್ನು ಎಳೆದು ಬಿಡಿ. ಅದು ಚಟಕ್ಕನೆ ಹಿಂದಕ್ಕೆ ಬರದೆ ಸೋಮಾರಿಯಂತೆ ಮರಳಿದರೆ, ದುಂಡು ತೊಡೆಯ ಮಗುವಿಗೆ ಹೇಗೋ ನಡೆದದ್ದು ತೆಳ್ಳಗಿನ ಮಗುವಿಗೆ ನಡೆಯುವುದಿಲ್ಲ. ಹೊಲಿಗೆ ಬಲ್ಲವರು ಹೊಸ ಎಲಾಸ್ಟಿಕ್ ಹಾಕಿಕೊಡಬಲ್ಲರು. ಪಿಯುಎಲ್ಲಿನ ಪೊರೆ ಗುಳ್ಳೆಯೆದ್ದು ಬಟ್ಟೆಯಿಂದ ಬೇರ್ಪಟ್ಟಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಆ ಕವರಿನ ಆಯುಸ್ಸು ಮುಗಿದಿದೆ.

ರಾತ್ರಿಯ ಹೊತ್ತು

ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ, ನವಜಾತ ಶಿಶುವಿಗಾದರೆ ಇನ್ನೂ ಬೇಗ, ಬದಲಿಸುವುದೇ ಸೋರಿಕೆಗೆ ಒಳ್ಳೆಯ ತಡೆ. ತೆಳು ಒಳಪದರ ಇಟ್ಟು ಹೆಚ್ಚು ಸಲ ಬದಲಿಸುವುದು, ದಪ್ಪ ಇಟ್ಟು ಕಡಿಮೆ ಸಲ ಬದಲಿಸುವುದಕ್ಕಿಂತ ಸಣ್ಣ ಮೈಗೆ ಹಿತ. ರಾತ್ರಿಗೆ ಈ ನಿಯಮ ಸಡಿಲಗೊಳ್ಳಬೇಕಾಗುತ್ತದೆ.

ಆಗ ಬಿದಿರಿನ ಅಥವಾ ಹತ್ತಿಯ ಫಿಟೆಡ್ ನ್ಯಾಪಿ, ಅದರೊಳಗೆ ಕಿರಿದಾದ ಹೆಂಪಿನ ಇನ್ಸರ್ಟ್, ಮೇಲೆ ಪ್ರತ್ಯೇಕ ಕವರ್ ಬಳಸಿ. ಫಿಟೆಡ್ ನ್ಯಾಪಿಯಲ್ಲಿ ರೆಕ್ಕೆಗಳೂ ಹೀರುವುದರಿಂದ ದಪ್ಪವೆಲ್ಲ ಕಾಲುಗಳ ನಡುವೆಯೇ ಸೇರುವುದಿಲ್ಲ. ಕವರ್ ಒಳಗಿನ ನ್ಯಾಪಿಯ ಅಂಚನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿರಲಿ. ಹಗಲಿನ ಚಿಕ್ಕ ಕವರ್ ಇಲ್ಲಿ ಸಾಲದು. ಉಣ್ಣೆಯ ಕವರ್ ಸಿಕ್ಕಿದರೆ ಅದು ರಾತ್ರಿಗೆ ಬಹಳ ಚೆನ್ನ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒದ್ದೆ ಎನಿಸದೆ ಹಿಡಿಯಬಲ್ಲದು, ಗಾಳಿಯಾಡುತ್ತದೆ, ಹೆಣೆದದ್ದಾದ್ದರಿಂದ ಸಣ್ಣ ತೊಡೆಗೂ ಅಪ್ಪಿಕೊಳ್ಳುತ್ತದೆ. ಅದನ್ನು ಆಗಾಗ ಲ್ಯಾನೋಲಿನ್ (ಕುರಿಯ ಉಣ್ಣೆಯಿಂದ ತೆಗೆದ ಮೇಣದಂತಹ ಜಿಡ್ಡು) ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ನೆರಳಿನಲ್ಲಿ ಹರಡಿ ಒಣಗಿಸಬೇಕು. ಲ್ಯಾನೋಲಿನ್ ಕಡಿಮೆಯಾದ ಉಣ್ಣೆ ಸೋರುತ್ತದೆ.

ಮಗು ಒಂದೇ ಮಗ್ಗುಲಿಗೆ ತಿರುಗಿ ಮಲಗುವ ವಯಸ್ಸಿಗೆ ಬಂದರೆ ಒದ್ದೆಯಾಗುವುದು ಆ ಬದಿಯ ಸೊಂಟ. ಅಲ್ಲಿಗೆ ಬರುವಂತೆ ಒಳಪದರದ ಮೇಲ್ತುದಿಯನ್ನು ಆ ಬದಿಗೆ ಸ್ವಲ್ಪ ಓರೆಯಾಗಿ ಹಾಸಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ

ಅಳತೆ, ಇನ್ಸರ್ಟ್, ಒಗೆತ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಮೊದಲ ಎರಡು ದಿನ ತೊಡಿಸುವ ಕ್ರಮವನ್ನು ಮಾತ್ರ ಬದಲಿಸಿ. ಸೋರಿಕೆ ಉಳಿದರೆ ಇನ್ಸರ್ಟನ್ನು ಕಿರಿದಾಗಿಸಿ, ಆಮೇಲೆ ನೀರಿನ ಹನಿಯ ಪರೀಕ್ಷೆ ಮಾಡಿ, ಆಮೇಲೆ ನಾರಿನ ಬಗೆಯನ್ನು ಬದಲಿಸಿ. ಬೇರೆ ಅಳತೆಯ ಕವರ್ ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ, ತೊಡೆಯ ಸುತ್ತಳತೆ ಅದನ್ನೇ ಹೇಳುತ್ತಿದ್ದರೆ ಮಾತ್ರ ಮೊದಲಿಗೆ.

ಸರಿಹೋದ ಹೊಂದಿಕೆ ಶಾಶ್ವತವಲ್ಲ ಎಂಬುದೂ ನೆನಪಿರಲಿ. ಮಗುವಿನ ಮೈ ತುಂಬಿದಂತೆ, ಕೂರಲು ತೆವಳಲು ತೊಡಗಿದಂತೆ ತೊಡೆಸಂದಿನ ಆಕಾರ ಬದಲಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಎಲಾಸ್ಟಿಕ್ಕಿನೊಳಗೆ ಬೆರಳು ಓಡಿಸಿ ನೋಡಿ. ಬೆರಳು ಬಿಗಿಯಾಗಿ ಹೋದರೆ ಅಥವಾ ನ್ಯಾಪಿಯ ಮುಂಭಾಗ ಹೊಕ್ಕುಳಿನಿಂದ ಬಹಳ ಕೆಳಗೆ ಉಳಿದರೆ ಎತ್ತರದ ಬಟನನ್ನು ಒಂದು ಸಾಲು ಸಡಿಲಿಸುವ ಹೊತ್ತು ಬಂದಿದೆ. ಎತ್ತಿಟ್ಟ ದೊಡ್ಡ ನ್ಯಾಪಿಗಳನ್ನೂ ಆಗ ತೆಗೆದು ಮತ್ತೊಮ್ಮೆ ತೊಡಿಸಿ ನೋಡಬಹುದು.